ಹಂಪಿಗೆ ನಡೆಯೋಣ, ಬನ್ನಿ



ನೀರಿಗೆ ನಡೆದೆವು. ಕಟ್ಟಿಗೆಗೆ ನಡೆದೆವು. ಕೂಲಿಗೆ ನಡೆದೆವು. ಒಂದು ದಿನ ಊರು ನೋಡೋದಕ್ಕೆ ನಡೆಯೋಣ.

ಹೊಸಪೇಟೆಯಿಂದ ಹಂಪಿಗೆ ಬಸ್ಸಿದೆ. ಬಸ್ಸಿನ ಬೋರ್ಡು ನಾವೇ ಓದೋಣ. ವಿರೂಪಾಕ್ಷನ ಗುಡಿಯಲ್ಲಿ ಶಾಸನದ ಕಲ್ಲಿದೆ. ಅದು 1510ರ ಸುಮಾರಿನದು. ಕೃಷ್ಣದೇವರಾಯ ಅಲ್ಲಿ ಮಂಟಪ ಕಟ್ಟಿಸಿದ ಸಂಗತಿ ಅದರಲ್ಲಿದೆ. ಸಂಸ್ಕೃತದ ಜೊತೆಗೆ ನಮ್ಮ ಕನ್ನಡವೂ ಇದೆ.

ಗುಡಿಯಿಂದ ಹೊಳೆ ದಂಡೆ ಹಿಡಿಯೋಣ. ಮೊದಲು ಕೋದಂಡರಾಮನ ಗುಡಿ. ಮುಂದೆ ವಿಜಯವಿಠ್ಠಲನ ಗುಡಿ, ಕಲ್ಲಿನ ರಥ. ಸುಮಾರು 2 ಕಿಲೋಮೀಟರು ದಾರಿ. ಬುತ್ತಿ, ನೀರು ಜೊತೆಗಿರಲಿ. ಬಿಸಿಲೇರುವ ಮುಂಚೆ ಹೊರಡೋಣ.

ಒಂದು ಮಾತು. ತುಂಗಭದ್ರೆಯಲ್ಲಿ ಸುಳಿ ಇವೆ, ಮೊಸಳೆಯೂ ಇವೆ. ಎಚ್ಚರಿಕೆ ಬೋರ್ಡು ಕಂಡರೆ ನಿಂತು ಓದೋಣ. ಓದು ಬಾರದವರಿಗೂ ಗಟ್ಟಿಯಾಗಿ ಓದಿ ಹೇಳೋಣ. ಕಲಿತ ಅಕ್ಷರ ಜೀವ ಉಳಿಸುತ್ತದೆ.