ಬಿದಿರು ಗಳದ ಆಂಟೆನಾ ಮತ್ತು ಸಿಡಿಲು



ಮುಂಡಗೋಡ ತಾಲ್ಲೂಕಿನ ಇಂದೂರದ ಸುತ್ತಮುತ್ತ ಅಶ್ವಿನಿ, ಭರಣಿ ಮಳೆ ಎಂದರೆ ಗುಡುಗು ಸಿಡಿಲಿನ ಮಳೆ. ಅದು ಶುರುವಾಗುವ ಮೊದಲೇ ಮನೆಯ ಮೇಲಿನ ಟಿವಿ ಕಂಬದ ವಿಚಾರ ಮಾತಾಡೋಣ.

ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ ಪ್ರಯೋಗದಂತೆ 1752ರಲ್ಲಿ ಫ್ರಾನ್ಸಿನವರು ಎತ್ತರದ ಕಬ್ಬಿಣದ ಸರಳು ನಿಲ್ಲಿಸಿ ಮೋಡದ ವಿದ್ಯುತ್ತಿನ ಕಿಡಿ ಕಂಡರು. ಮರುವರ್ಷ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಕ್‌ಮನ್ ಎಂಬ ವಿಜ್ಞಾನಿ ಅಂಥದೇ ಸರಳು ಹಾಕಿ, ಅದರ ತಂತಿಯನ್ನು ಮನೆಯೊಳಗಿನ ಅಳತೆಯ ಉಪಕರಣಕ್ಕೆ ತಂದುಕೊಂಡ. ನೆಲಕ್ಕೆ ಜೋಡಿಸಿರಲಿಲ್ಲ. ಗುಡುಗುವಾಗ ಉಪಕರಣದ ಹತ್ತಿರ ಹೋದವನು ಅಲ್ಲಿಯೇ ಪ್ರಾಣ ಬಿಟ್ಟ. ನೆಲದ ದಾರಿ ಇಲ್ಲದ ಸರಳು ಸಿಡಿಲನ್ನು ಮನೆಯೊಳಗೇ ಕರೆತರುತ್ತದೆ. ನಮ್ಮ ಆಂಟೆನಾ ಕಂಬಕ್ಕೂ ಈ ಮಾತು ಹಾಗೆಯೇ ಹೊಂದುತ್ತದೆ.

ನಮ್ಮಲ್ಲಿ ರೇಡಿಯೋ ಬಂದ ಕಾಲಕ್ಕೆ ಈ ನೆಲದ ದಾರಿ ಮರೆತಿರಲಿಲ್ಲ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಬಾನುಲಿ ಆರಂಭಿಸಿದರು, 1950ರಲ್ಲಿ ಧಾರವಾಡ ಕೇಂದ್ರ ಬಂತು. ಆಗಿನ ವಾಲ್ವ್ ರೇಡಿಯೋದ ಬೆನ್ನಿಗೆ ಎರಡು ತೂತು ಇರುತ್ತಿದ್ದವು, ಒಂದು ಏರಿಯಲ್‌ಗೆ, ಇನ್ನೊಂದು ಅರ್ಥ್‌ಗೆ. ನೆಲಕ್ಕೆ ತಂತಿ ಹೋಗಬೇಕೆಂದು ಪೆಟ್ಟಿಗೆಯೇ ನೆನಪಿಸುತ್ತಿತ್ತು. ಆಮೇಲೆ ಬಂದ ಟಿವಿಗೆ ಆಂಟೆನಾದ ಜಾಗ ಮಾತ್ರ ಉಳಿಯಿತು. ಈ ಬದಲಾವಣೆಯನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಯಿತು. 1984ರ ಹೊತ್ತಿಗೆ ದೇಶದ ತುಂಬ ಸಣ್ಣ ಶಕ್ತಿಯ ಪ್ರಸಾರ ಕೇಂದ್ರಗಳು ಎದ್ದವು. ಅವುಗಳ ಶಕ್ತಿ ಬರೇ 100 ವ್ಯಾಟ್. ದೂರದ ಹಳ್ಳಿಗಳಲ್ಲಿ ಚಿತ್ರ ಬರೀ ಚುಕ್ಕೆ ಚುಕ್ಕೆ. ಅದಕ್ಕೇ ಕಂಬ ಎತ್ತರವಾಗುತ್ತ ಹೋಯಿತು. 1987ರಲ್ಲಿ ರಾಮಾಯಣ ಧಾರಾವಾಹಿ ಬಂದ ಮೇಲಂತೂ ಕೇಳಲೇ ಬೇಡಿ.

ದಾಂಡೇಲಿಯ ಕಾಗದದ ಕಾರ್ಖಾನೆಗೆ ಒದಗಿದ ಬಿದಿರು ನಮ್ಮ ಕಡೆಯ ಆಂಟೆನಾಗೂ ಒದಗಿತು. ಬಿದಿರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಕಬ್ಬಿಣದ ಪೈಪಿಗಿಂತ ಅದೇ ಸುರಕ್ಷಿತ ಎಂಬ ಮಾತು ಈಗಲೂ ಕೇಳುತ್ತದೆ. ಒಮ್ಮೆ ಕಣ್ಣಿಟ್ಟು ನೋಡಿ. ಗಳದ ತುದಿಯಲ್ಲಿ ಅಲ್ಯೂಮಿನಿಯಂ ಕಡ್ಡಿಗಳು. ಅಲ್ಲಿಂದ ಕೆಳಗಿಳಿಯುವ ಲೋಹ ಒಂದೇ, ಆ ಚಪ್ಪಟೆ ವೈರು. ಅದು ಕಿಟಕಿ ದಾಟಿ ಟಿವಿಯೊಳಗೆ ಹೋಗುತ್ತದೆ. ಸಿಡಿಲು ಬಡಿದರೆ ಅದಕ್ಕಿರುವ ದಾರಿ ನಿಮ್ಮ ಪಡಸಾಲೆಯೇ. ಸಿಡಿಲಿನಲ್ಲಿ ಹರಿಯುವುದು ಸಾಮಾನ್ಯವಾಗಿ 30,000 ಆಂಪಿಯರ್ ಆಸುಪಾಸು. ಒದ್ದೆ ಬಿದಿರನ್ನೂ ಅದು ಸೀಳಿಹಾಕುತ್ತದೆ.

ಆದ್ದರಿಂದ ಬಿದಿರಾದರೆ ಆಂಟೆನಾದ ಲೋಹದ ತೊಲೆಯಿಂದ, ಪೈಪಾದರೆ ಅದರ ಬುಡದಿಂದ, 8 ನಂಬರಿನ ಜಿ.ಐ. ತಂತಿಯನ್ನು ಮನೆಯ ಹೊರಗೋಡೆಗುಂಟ ನೇರವಾಗಿ ಇಳಿಸಬೇಕು. ಸುತ್ತಿ ಸುರುಳಿ ಮಾಡಬಾರದು. ಚೂಪಾದ ತಿರುವು ಬಂದಲ್ಲಿ ಸಿಡಿಲು ತಂತಿ ಬಿಟ್ಟು ಗೋಡೆಗೆ ಜಿಗಿಯುತ್ತದೆ. ಕೆಳಗೆ ಗುಂಡಿಯಲ್ಲಿ ಹೂತ ಎರಡೂವರೆ ಮೀಟರಿನ ಜಿ.ಐ. ಪೈಪಿಗೆ ಅದನ್ನು ಜೋಡಿಸಬೇಕು, ಪೈಪಿನ ಸುತ್ತ ಇದ್ದಿಲು, ಉಪ್ಪು. ನಮ್ಮ ಜಂಬಿಟ್ಟಿಗೆ ನೆಲ ಏಪ್ರಿಲ್‌ನಲ್ಲಿ ಒಣಗಿ ಕಲ್ಲಾಗಿರುತ್ತದೆ, ಸಿಡಿಲೂ ಆಗಲೇ ಬರುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವುದು ತಪ್ಪಿಸಬೇಡಿ.

ಇನ್ನೊಂದು ಮಾತು ಬಹಳ ಮುಖ್ಯ, ಮತ್ತು ಹೆಚ್ಚಾಗಿ ತಪ್ಪುವುದೂ ಇಲ್ಲಿಯೇ. ಆಂಟೆನಾದ ಅರ್ಥಿಂಗನ್ನು ಮೀಟರ್ ಬೋರ್ಡಿನ ಅರ್ಥಿಂಗಿಗೆ ತಂತಿಯಿಂದ ಜೋಡಿಸಬೇಕು. ಎರಡು ಗುಂಡಿ ಬೇರೆ ಬೇರೆ ಉಳಿದರೆ, ಸಿಡಿಲು ಬಡಿದ ಕ್ಷಣ ಅವುಗಳ ನಡುವೆ ಸಾವಿರಾರು ವೋಲ್ಟ್ ಅಂತರ ಹುಟ್ಟುತ್ತದೆ. ಆಂಟೆನಾ ವೈರೂ ಕರೆಂಟ್ ವೈರೂ ಕೂಡುವ ಟಿವಿಯಲ್ಲಿ ಅದು ಸಿಡಿಯುತ್ತದೆ. ಈ ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ.

ಅರ್ಥಿಂಗ್ ಇದ್ದರೂ ಗುಡುಗು ಕೇಳಿದ ಮೇಲೆ ವೈರು ಕೀಳಲು ಹೋಗಬೇಡಿ, ಮೋಡ ಕಟ್ಟುವಾಗಲೇ ಕಿತ್ತಿಡಿ. ಚಾವಣಿಯ ಡಿಶ್‌ಗೂ ಇದೇ ಕ್ರಮ. ಹಳೆಯ ಆಂಟೆನಾ ಬಳಸುವುದಿಲ್ಲವಾದರೆ ಇಳಿಸಿಬಿಡಿ. ಗಳ ವಾಲಿದರೆ ಲೈನಿಗೆ ತಾಗುವಷ್ಟು ಹತ್ತಿರವಿದ್ದರೆ ಮಾತ್ರ ನೀವೇ ಕೈ ಹಾಕದೆ, ಹೆಸ್ಕಾಂನವರಿಗೆ ಹೇಳಿ ಕರೆಂಟ್ ತೆಗೆಸಿಕೊಂಡ ಮೇಲೆ ಇಳಿಸಿ.