ಸುಂಕದವನ ಪುಸ್ತಕ

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆಯನ್ನು ತಾವೆಲ್ಲ ಬಲ್ಲಿರಿ. ಸುಂಕದವನು ನಮ್ಮ ಕಷ್ಟಕ್ಕೆ ಕಿವಿಗೊಡುವವನಲ್ಲ, ನಿಜ. ಆದರೆ ಕಂಡದ್ದನ್ನೆಲ್ಲ ಬರೆದಿಡುವವನು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸುಂಕದ ಕಟ್ಟೆಯವರು ಬಂದ ವರ್ತಕನು ಯಾರು, ಎಲ್ಲಿಯವನು, ಎಷ್ಟು ಸರಕು ತಂದನು ಎಂಬುದನ್ನು ಬರೆದುಕೊಳ್ಳಬೇಕೆಂಬ ವಿಧಿಯುಂಟು. ಇಂದಿನ ಬಂದರುಗಳಲ್ಲಿ ನಡೆಯುವುದೂ ಅದೇ. ಆ ಬರಹವನ್ನು ಓದಬಲ್ಲವನಿಗೆ ಕಡಲಾಚೆಯ ಗಿರಾಕಿಯ ಜಾಡು ಸಿಕ್ಕೀತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೈಸೂರಿನಲ್ಲಿ ಊದುಬತ್ತಿ ಮಾಡಿಸುತ್ತಾನೆ. ಹನ್ನೆರಡು ಮಂದಿ ಹೆಂಗಸರ ಜೀವನ ಅದರಿಂದ ನಡೆಯಬೇಕು. ಊರಿನ ವ್ಯಾಪಾರ ತಗ್ಗಿದಾಗ ಅವನು ಸಾಲ ಮಾಡಿ, ಅಮೆರಿಕದ ಆಮದುದಾರರ ಪಟ್ಟಿಯೊಂದನ್ನು ಕೊಂಡ. ಇನ್ನೂರು ಹೆಸರಿಗೆ ಒಂದೇ ಒಕ್ಕಣೆಯ ಪತ್ರ ಕಳುಹಿಸಿದ. ಉತ್ತರ ಒಂದೂ ಇಲ್ಲ. 'ಮೇಷ್ಟ್ರೇ, ಎಲ್ಲಿ ತಪ್ಪಿದೆನೋ ತಾವೇ ನೋಡಿ' ಎಂದು ಪಟ್ಟಿಯನ್ನು ತಂದು ನನ್ನ ಮುಂದಿಟ್ಟ. ನನಗೆ ವ್ಯಾಪಾರ ತಿಳಿಯದು; ಓದುವುದು ತಿಳಿಯುತ್ತದೆ. ಇಬ್ಬರೂ ಕುಳಿತು ಓದಿದೆವು.

ಮೊದಲು ಬೇಕಾದುದು ಸರಕಿನ ಸಂಖ್ಯೆ. 1988ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಪದ್ಧತಿಯಂತೆ ಪ್ರತಿಯೊಂದು ಬಗೆಯ ಸರಕಿಗೂ ಆರು ಅಂಕಿಗಳ ಸಂಖ್ಯೆಯಿದೆ. ಊದುಬತ್ತಿಯದು 330741. ಅದರ ಇಂಗ್ಲಿಷ್ ವಿವರಣೆಯಲ್ಲಿ 'ಅಗರಬತ್ತಿ' ಎಂಬ ನಮ್ಮ ದೇಶದ ಮಾತೇ ನಿಂತಿರುವುದನ್ನು ಕಂಡು ಪಂಡಿತನಾದ ನನಗೆ ಹಿಗ್ಗಾಯಿತು. ಅಗರು ಸುಗಂಧದ ಮರ. ವರ್ತಿಯ ತದ್ಭವ ಬತ್ತಿ. ನನ್ನ ಶಿಷ್ಯನ ಪಟ್ಟಿಯೋ 3307 ಎಂಬ ಮೊದಲ ನಾಲ್ಕು ಅಂಕಿಗಳನ್ನಷ್ಟೇ ಹಿಡಿದು ತೆಗೆದದ್ದು. ಕ್ಷೌರದ ನೊರೆ, ಬೆವರಿನ ವಾಸನೆ ಕಳೆಯುವ ದ್ರವ್ಯ ಇವೂ ಆ ಗುಂಪಿನವೇ. ಅವನ್ನು ತರಿಸುವವರಿಗೆ ಊದುಬತ್ತಿಯ ಗೊಡವೆಯೇನು?

ಯಾವ ದೇಶ ಎಷ್ಟು ಕೊಳ್ಳುತ್ತದೆ ಎಂಬುದನ್ನು ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಸಂಗ್ರಹದಲ್ಲಿಯೂ ನಮ್ಮ ವಾಣಿಜ್ಯ ಸಚಿವಾಲಯದ ಲೆಕ್ಕಗಳಲ್ಲಿಯೂ ಹಣ ಕೊಡದೆಯೇ ನೋಡಬಹುದು. ಅಲ್ಲಿ ಗಿರಾಕಿಯ ಹೆಸರು ಮಾತ್ರ ಇರದು. ಅಮೆರಿಕದಲ್ಲಿ ಹಡಗಿನ ಸರಕುಪಟ್ಟಿಯಿಂದ ಕಳುಹಿಸಿದವರ ಮತ್ತು ಪಡೆದವರ ಹೆಸರುಗಳನ್ನು ಹೊರಗೆಡಹಲು ಕಾನೂನಿನ ಅವಕಾಶವಿದೆ. ಬೇಡವೆಂದು ಅರ್ಜಿ ಕೊಟ್ಟವರದು ಗುಟ್ಟಾಗಿರುತ್ತದೆ. ಭಾರತದಲ್ಲಿ ಹಾಗಲ್ಲ. 2022ರಲ್ಲಿ ಕಸ್ಟಮ್ಸ್ ಕಾಯಿದೆಗೆ ಸೇರಿದ 135ಎಎ ಕಲಮಿನಂತೆ, ವರ್ತಕನು ಸುಂಕದ ಇಲಾಖೆಗೆ ಕೊಟ್ಟ ಬೆಲೆ, ಪ್ರಮಾಣ ಮೊದಲಾದುವನ್ನು ಕಾನೂನಿನ ಆಧಾರವಿಲ್ಲದೆ ಪ್ರಕಟಿಸಿದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಆದುದರಿಂದ ನೆರೆಯವನ ಬೆಲೆಯ ಗುಟ್ಟನ್ನು ಮಾರಲು ಬಂದವನನ್ನು ಬಾಗಿಲಿನಿಂದಲೇ ಕಳುಹಿಸಿಬಿಡಿ. ನಾಳೆ ಅವನು ಮಾರುವುದು ನಿಮ್ಮ ಗುಟ್ಟನ್ನೇ.

ಪಟ್ಟಿಯಲ್ಲಿ ಉಳಿದವರ ಪೈಕಿ ಹಲವರು ಬರಿಯ ಹಡಗು ಏಜೆಂಟರು. ಕಾಗದದ ಮೇಲೆ ಸರಕನ್ನು ಪಡೆದವರೇ ಹೊರತು ಕೊಂಡವರಲ್ಲ. ಅವರನ್ನು ಹೊಡೆದುಹಾಕಿದೆವು. ಒಂದೇ ಸಲ ತರಿಸಿ ಸುಮ್ಮನಾದವರನ್ನು ಬಿಟ್ಟೆವು. ಕಂಟೇನರುಗಟ್ಟಲೆ ತರಿಸುವವರನ್ನೂ ಬಿಟ್ಟೆವು. ಅವರಿಗೆ ಹನ್ನೆರಡು ಜನರ ದುಡಿಮೆ ಎಲ್ಲಿ ಸಾಕಾದೀತು? ಮೂರು ನಾಲ್ಕು ತಿಂಗಳಿಗೊಮ್ಮೆ ಅಷ್ಟಿಷ್ಟು ತರಿಸುವವರು, ಒಬ್ಬನನ್ನೇ ನಂಬದೆ ಇಬ್ಬರು ಮೂವರಿಂದ ಕೊಳ್ಳುವವರು, ಇಂಥವರನ್ನು ಆರಿಸಿದೆವು. ಇನ್ನೂರರಲ್ಲಿ ಉಳಿದದ್ದು ಒಂಬತ್ತು. ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆದ. ಇಬ್ಬರು ಉತ್ತರ ಕೊಟ್ಟರು. ಅವರಲ್ಲೊಬ್ಬರು ಮಾದರಿ ನೋಡಿ, ಸಣ್ಣದೊಂದು ಆರ್ಡರು ಕೊಟ್ಟು, ಹಣಕ್ಕೆ ಮೂರು ತಿಂಗಳ ಗಡುವು ಕೇಳಿದರು.

ಇಲ್ಲಿ ಸುಂಕದವನ ಪುಸ್ತಕ ಮುಗಿಯಿತು. ಯಾರು ಕೊಂಡರೆಂದು ಅದು ಹೇಳುತ್ತದೆ; ಕೊಂಡವರು ಹಣ ತೆತ್ತರೇ ಎಂಬುದನ್ನು ಹೇಳದು. ಅದಕ್ಕೆಂದೇ 1957ರಲ್ಲಿ ಹುಟ್ಟಿದ, ಈಗ ಇ.ಸಿ.ಜಿ.ಸಿ. ಎನಿಸಿಕೊಂಡಿರುವ ಸರ್ಕಾರಿ ಸಂಸ್ಥೆಯಿದೆ. ವಿದೇಶದ ಗಿರಾಕಿ ಹಣ ಕೊಡದೆ ಹೋದರೆ ಆಗುವ ನಷ್ಟಕ್ಕೆ ಅದು ವಿಮೆ ಕೊಡುತ್ತದೆ. ಮೊದಲು ಅಲ್ಲಿಗೆ ಹೋಗಿ ಬಾ, ಆಮೇಲೆ ಸರಕು ಕಳುಹಿಸು ಎಂದೆ. ಹುಡುಗ ಹಾಗೆಯೇ ಮಾಡಿದ. ಆ ಹನ್ನೆರಡು ಮಂದಿಯ ಕೂಲಿ ಆ ತಿಂಗಳು ನಿಲ್ಲಲಿಲ್ಲ.

ತಮ್ಮ ಮನೆಯಲ್ಲಿಯೂ ಇಂಥ ಉದ್ಯಮಕ್ಕೆ ಕೈಹಾಕಿದ ಮಕ್ಕಳಿದ್ದರೆ, ಪಟ್ಟಿಯನ್ನು ಕೊಳ್ಳುವ ಮೊದಲು ಓದುವುದನ್ನು ಕಲಿಯಲು ಹೇಳಿ.