ಕೊರಳಿನ ಗಂಟೂ ಯಂತ್ರದ ಕಣ್ಣೂ

ಬಾಯಿಯಲ್ಲಾಗಲಿ ಗಂಟಲಿನಲ್ಲಾಗಲಿ ಹುಟ್ಟಿದ ಕ್ಯಾನ್ಸರ್ ಹುಟ್ಟಿದೆಡೆಯಲ್ಲಿಯೇ ನೆಲೆಸಿರುವುದೆಂಬ ಭರವಸೆಯಿಲ್ಲ. ಅದು ಹರಡತೊಡಗಿದರೆ ಸಾಮಾನ್ಯವಾಗಿ ಮೊದಲು ಸೇರುವುದು ಕೊರಳಿನ ದುಗ್ಧಗ್ರಂಥಿಗಳನ್ನು. ರೋಗ ಕೊರಳಿಗೆ ಇಳಿದಿದೆಯೇ ಎಂಬ ಒಂದು ಪ್ರಶ್ನೆಯ ಮೇಲೆ ಚಿಕಿತ್ಸೆಯ ಸ್ವರೂಪವೂ, ಎಷ್ಟೋ ವೇಳೆ ರೋಗಿಯ ಆಯುಸ್ಸೂ ನಿಂತಿವೆ.

ಬಹುಕಾಲ ಇದಕ್ಕೆ ಉತ್ತರ ಹೇಳುತ್ತಿದ್ದುದು ವೈದ್ಯರ ಬೆರಳು. 1895ರಲ್ಲಿ ರಾಂಟ್ಜೆನ್ನರು ಕಂಡುಹಿಡಿದ ಕ್ಷ-ಕಿರಣವು ಎಲುಬನ್ನು ತೋರಿಸಿತು. ಮೆದು ಮಾಂಸದ ನಡುವಣ ಗ್ರಂಥಿಯನ್ನು ಬೇರ್ಪಡಿಸಿ ತೋರಿಸಲಾರದೆ ಹೋಯಿತು. ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಪದರಪದರವಾಗಿ ಚಿತ್ರಿಸಿದ ಮೇಲೆ ದಾರಿ ತೆರೆಯಿತು. ಅನಂತರ ಬಂದ ಎಂ.ಆರ್.ಐ. ನಾಲಿಗೆಯಂತಹ ಮೆದು ಭಾಗಗಳನ್ನು ಇನ್ನೂ ಸ್ಫುಟವಾಗಿ ತೋರಿಸುತ್ತದೆ.

ಆದರೆ ಇವೆರಡೂ ಮುಖ್ಯವಾಗಿ ನೋಡುವುದು ಗ್ರಂಥಿಯ ಗಾತ್ರ, ಆಕಾರಗಳನ್ನು. ಸುಮಾರು 1 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ ಸಂಶಯ. ಹಲ್ಲಿನ ಕೀವಿನಿಂದಲೂ ಗ್ರಂಥಿ ಊದಬಹುದು. ಸಹಜ ಗಾತ್ರದ ಗ್ರಂಥಿಯೊಳಗೂ ಕೆಲವೇ ಮಿಲಿಮೀಟರಿನ ರೋಗ ಅವಿತಿರಬಹುದು. ಪೆಟ್ ಪರೀಕ್ಷೆಯು ನೋಡುವುದು ಕೋಶಗಳ ಹಸಿವನ್ನು. ವಿಕಿರಣ ಸೂಸುವ ಸಕ್ಕರೆಯಂತಹ ದ್ರವ್ಯವನ್ನು ರಕ್ತಕ್ಕೆ ಸೇರಿಸಿದರೆ ಕ್ಯಾನ್ಸರ್ ಕೋಶಗಳು ಅದನ್ನು ಹೆಚ್ಚಾಗಿ ಹೀರಿ, ಚಿತ್ರದಲ್ಲಿ ಬೆಳಗುತ್ತವೆ. ಉರಿಯೂತವೂ ಹಾಗೆ ಬೆಳಗುವುದುಂಟು. ತೀರ ಸಣ್ಣ ರೋಗ ಬೆಳಗದಿರುವುದೂ ಉಂಟು. ಸಂಶಯವಿದ್ದಲ್ಲಿ ಅಲ್ಟ್ರಾಸೌಂಡಿನ ನೆರವಿನಿಂದ ಗ್ರಂಥಿಗೆ ಸೂಜಿ ಚುಚ್ಚಿ, ಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ.

ಹಾಗಾದರೆ ‘ಏನೂ ಕಾಣಲಿಲ್ಲ’ ಎಂಬ ಮಾತಿಗೆ ಬೆಲೆಯೆಷ್ಟು? ಅದು ಹೇಳಿದ ಸಂದರ್ಭದ ಮೇಲೆ ಹೋಗುತ್ತದೆ. ಬಾಯಿಯ ಕ್ಯಾನ್ಸರಿನ ಆರಂಭದಲ್ಲಿದ್ದು, ಕೊರಳಿನಲ್ಲಿ ರೋಗದ ಸುಳಿವಿಲ್ಲದವರನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಎರಡು ಗುಂಪು ಮಾಡಿದರು. ಮೊದಲೇ ಕೊರಳಿನ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ 3 ವರ್ಷಗಳ ತರುವಾಯ ಶೇಕಡಾ 80 ಮಂದಿ ಬದುಕಿದ್ದರು. ಗಂಟು ಕಾಣುವವರೆಗೆ ಕಾದವರಲ್ಲಿ ಶೇಕಡಾ 67.5. ಇದು 2015ರಲ್ಲಿ ಪ್ರಕಟವಾಯಿತು. ಮರುವರ್ಷ ಬ್ರಿಟನ್ನಿನಿಂದ ಬಂದ ವರದಿ ಬೇರೊಂದು ಸಂದರ್ಭದ್ದು. ಕೊರಳಿಗೆ ರೋಗ ಹರಡಿದ್ದ 564 ಮಂದಿಗೆ ವಿಕಿರಣ ಮತ್ತು ಔಷಧಿಗಳ ಚಿಕಿತ್ಸೆ ನಡೆದಿತ್ತು. ಅರ್ಧದಷ್ಟು ಜನಕ್ಕೆ ಚಿಕಿತ್ಸೆ ಮುಗಿದ 12 ವಾರಗಳಿಗೆ ಪೆಟ್-ಸಿ.ಟಿ. ತೆಗೆದು, ಸಂಶಯ ಉಳಿದವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಿದರು. ಒಂದು ಗುಂಪಿನಲ್ಲಿ 221 ಶಸ್ತ್ರಚಿಕಿತ್ಸೆಗಳಾದರೆ ಈ ಗುಂಪಿನಲ್ಲಿ ಕೇವಲ 54. ಬದುಕುಳಿದವರ ಪ್ರಮಾಣಕ್ಕೆ ಕುಂದು ಬರಲಿಲ್ಲ. ಅಲ್ಲಿ ನಂಬಬಾರದ ಮೌನ ಇಲ್ಲಿ ನಂಬಿಕೆಗೆ ಅರ್ಹವಾಯಿತು.

ಎಲೆಯಡಿಕೆ, ಹೊಗೆಸೊಪ್ಪು ರೂಢಿಯಲ್ಲಿರುವ ನಮ್ಮ ನಾಡಿನಲ್ಲಿ ಇದು ದೂರದ ಸಂಗತಿಯಲ್ಲ. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಕರಗದ ಕೊರಳಿನ ಗಂಟು ಇದ್ದವರು ನೋವಿಲ್ಲವೆಂದು ಸುಮ್ಮನಿರದೆ ವೈದ್ಯರ ಬಳಿಗೆ ಹೋಗಬೇಕು. ಯಂತ್ರದ ಕಣ್ಣು ಎಷ್ಟೇ ಹರಿತವಾಗಿರಲಿ, ಅದರ ಮುಂದೆ ಸಕಾಲಕ್ಕೆ ಹೋಗಿ ನಿಲ್ಲುವ ಹೊಣೆ ನಮ್ಮದು.